ವಾಗ್ದೇವಿ ಅಂದ ಒಂದೇ ಮಾತು

"ವಾಗ್ದೇವಿಯವರೇ, ವಿಜ್ಞಾನದ ತರಬೇತಿಗೆ ನಮ್ಮ ಶಾಲೆಯಿಂದ ಒಂದು ಹೆಸರು ಕಳಿಸಬೇಕು. ಒಂದು ವರ್ಷ, ಮೈಸೂರಲ್ಲಿ. ನೀವೇನು... ಇಲ್ಲೇ ಇದ್ದುಬಿಡ್ತೀರಾ?"

ಹೆಡ್‌ಮಾಸ್ಟರ್ ಗಣೇಶಮೂರ್ತಿ ಅವಳ ಮುಖವನ್ನೇ ನೋಡುತ್ತ ಕೇಳಿದರು. ಅವರು ಮೈಸೂರು ಕಡೆಯಿಂದ ಹೊಸನಗರದ ಈ ಶಾಲೆಗೆ ಬಂದು ಆರು ತಿಂಗಳಾಗಿತ್ತು. ಅವಳನ್ನು ಹೀಗೆ ನೇರವಾಗಿ ಕೇಳಿದ್ದು ಇದೇ ಮೊದಲು.

ಸುತ್ತ ಕೂತಿದ್ದ ಗಂಡು ಮೇಷ್ಟ್ರುಗಳೆಲ್ಲ ತಲೆ ಎತ್ತಿದರು.

"ಹೆಣ್ಮಕ್ಕಳು ಅಷ್ಟು ದೂರ ಹೋಗಿ ಎಂತ ಮಾಡ್ತಾರೆ ಸಾರ್? ನಾಳೆ ಮದ್ವೆಯಾದ್ರೆ ಆ ವಿಜ್ಞಾನ ಒಗ್ಗರಣೆಗಾ?" ಎಂದರು ಮಂಜುನಾಥಪ್ಪ ಮೇಷ್ಟ್ರು. ನಗು ಎದ್ದಿತು.

ಹೋಗಬೇಕು... ನಾನು ಹೋಗಲೇಬೇಕು. ಮನಸ್ಸು ಕೂಗಿತು. ಬಾಯಿ ಮಾತ್ರ ಚಿಕ್ಕಂದಿನಿಂದ ಕಲಿತಂತೆ ಒಂದೇ ಮಾತಿಗೆ ನಿಂತಿತು. ಅದೂ ಶಾಲೆಯಲ್ಲಿ ಎಂದೂ ಆಡದ ಮನೆಮಾತಿನಲ್ಲಿ.

"ಇಲ್ಲೆ," ಎಂದಳು, ನೆಲ ನೋಡುತ್ತ.

ಗಣೇಶಮೂರ್ತಿಯ ಮುಖ ಅರಳಿತು. "ಸರಿ. ಹಾಗೇ ಆಗಲಿ."

ವಾರ ಕಳೆಯಿತು. ಹೋದದ್ದು ಮಂಜುನಾಥಪ್ಪನವರ ಹೆಸರು.

ವಾಗ್ದೇವಿಗೆ ಏನೊಂದೂ ಅರ್ಥವಾಗಲಿಲ್ಲ. ಇರುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದ್ದಳಲ್ಲ! ಈ ಹೆಡ್‌ಮಾಸ್ಟರೂ ಎಲ್ಲರಂತೆಯೇ? ಹಾಗಿದ್ದರೆ ಅಂದು ಅವರ ಮುಖ ಅರಳಿದ್ದೇಕೆ? ದಿನಾ ಬಾಗಿಲಲ್ಲಿ ನಿಂತು "ಊಟ ಆಯ್ತಾ?" ಎಂದು ಅಷ್ಟು ಮೆತ್ತಗೆ ಕೇಳುವುದೇಕೆ? ಅವರ ಹೆಜ್ಜೆ ಸದ್ದಾದರೆ ಈ ಹಾಳು ಮನಸ್ಸು ಪಾಠ ಮರೆಯುವುದಾದರೂ ಯಾಕೆ?

ಅವಳು ಮಾತು ಬಿಟ್ಟಳು. ಅವರು ಎದುರಾದರೆ ದಾರಿ ಬದಲಿಸಿದಳು.

ಈಗ ಕಂಗಾಲಾಗುವ ಸರದಿ ಗಣೇಶಮೂರ್ತಿಯದು. ಇಲ್ಲೇ ಇರ್ತೀನಿ ಅಂದವಳು... ನನಗಾಗಿಯೇ ಅಂದಳು ಎಂದುಕೊಂಡಿದ್ದೆನಲ್ಲ?

ತಡೆಯಲಾರದೆ ಒಂದು ಭಾನುವಾರ ಅವಳ ಮನೆಗೇ ಬಂದರು. ಬಾಗಿಲಲ್ಲಿ ಚಿಕ್ಕಮ್ಮ ವರದಮ್ಮ ಅಕ್ಕಿ ಆರಿಸುತ್ತಿದ್ದರು.

"ವಾಗ್ದೇವಿಯವರು ಇದಾರಾ?"

"ಇಲ್ಲೆ."

ಗಣೇಶಮೂರ್ತಿ ಚಪ್ಪಲಿ ಕಳಚಿ, ಜಗಲಿಯೇರಿ ಕೂತರು. ವರದಮ್ಮ ಬೆರಗಾಗಿ ನೋಡಿದರು. ಎಷ್ಟು ಹೊತ್ತಾದರೂ ಆಸಾಮಿ ಏಳಲಿಲ್ಲ.

"ಎಂತ ಮೇಷ್ಟ್ರೇ, ಇಲ್ಲೆ ಅಂದ್ರೂ ಕೂತ್ರಲಾ?"

"ಇಲ್ಲೇ ಅಂದ್ರಲ್ಲ, ಅದಕ್ಕೇ ಕಾಯ್ತಿದೀನಿ."

ವರದಮ್ಮನಿಗೆ ನಗು ತಡೆಯಲಾಗಲಿಲ್ಲ. "ಅಯ್ಯ ದೇವ್ರೇ! ಎಂಗಳ ಮಾತಲ್ಲಿ ಇಲ್ಲೆ ಅಂದ್ರೆ, ನಿಮ್ಮ 'ಇಲ್ಲ'. ವಾಗ್ದೇವಿ ಕೂಸು ಬಟ್ಟೆ ತೊಳೆಯಕ್ಕೆ ಹೋಯ್ದು."

ಅಂದು ವಾಗ್ದೇವಿ ಅಂದ 'ಇಲ್ಲೆ' ನೆನಪಾಗಿ ಗಣೇಶಮೂರ್ತಿಯ ಮುಖ ಬಿಳಿಚಿತು.

ಬಟ್ಟೆ ಹೊತ್ತು ಬಂದ ವಾಗ್ದೇವಿ ಅಂಗಳದಲ್ಲೇ ನಿಂತಳು. ಅವರು ಎದ್ದು ನಿಂತು ಎಲ್ಲವನ್ನೂ ಹೇಳಿದರು. "ತಪ್ಪು ನಂದು. ನಾಳೆ ಶಿವಮೊಗ್ಗಕ್ಕೆ ಹೋಗಿ ಶಿಕ್ಷಣ ಇಲಾಖೆ ಸಾಹೇಬರಿಗೆ ಹೇಳ್ತೀನಿ."

ಅವಳ ಕಣ್ಣು ತುಂಬಿತು. ಕೋಪ ಯಾರ ಮೇಲೆಂದೇ ತಿಳಿಯಲಿಲ್ಲ. ಹೋಗಬೇಕು ಎಂದು ಪೂರ್ತಿ ಹೇಳಿದ್ದರೆ ಯಾರು ತಪ್ಪು ತಿಳಿಯುತ್ತಿದ್ದರು?

"ನೀವು ಹೇಳಬೇಡಿ," ಎಂದಳು. "ನಾನೇ ಬರ್ತೀನಿ. ನಾನೇ ಹೇಳ್ತೀನಿ."

"ಒಬ್ಳೇ ಕಳ್ಸಿದ್ರೆ ಊರು ಬಾಯಿ ಮುಚ್ಚದಿಲ್ಲೆ," ಎಂದು ವರದಮ್ಮನೂ ಹೊರಟರು.

ಶಿವಮೊಗ್ಗದಲ್ಲಿ ಸಾಹೇಬರು ಕನ್ನಡಕದ ಮೇಲಿಂದ ನೋಡಿದರು. "ಮನೆಯವರು ಒಪ್ಪಿದಾರೇನಮ್ಮ?"

ವಾಗ್ದೇವಿ ಈ ಸಲ ತಲೆ ತಗ್ಗಿಸಲಿಲ್ಲ.

"ಒಪ್ಪಿಸ್ತೀನಿ ಸಾರ್. ನಾನು ಮೈಸೂರಿಗೆ ಹೋಗಿ ಕಲೀಬೇಕು. ನಮ್ಮ ಶಾಲೆ ಹೆಣ್ಮಕ್ಕಳಿಗೆ ವಿಜ್ಞಾನ ನಾನೇ ಹೇಳ್ಕೊಡಬೇಕು."

ಸಾಹೇಬರು ಮುಂದಿದ್ದ ಪಟ್ಟಿ ತಿರುವಿದರು. "ಈ ಸಲ ಆಗಲ್ಲ, ಹೆಸರು ಮುಂದೆ ಹೋಗಿಬಿಟ್ಟಿದೆ. ಬರೋ ವರ್ಷ ಮೊದಲ ಹೆಸರು ನಿಂದೇ."

ಒಂದು ವರ್ಷ ಕೈಬಿಟ್ಟು ಹೋಯಿತು. ಅಳಬೇಕೋ ನಗಬೇಕೋ ತಿಳಿಯದೆ ಅವಳು ಬಸ್ಸು ಹತ್ತಿದಳು.

ತೀರ್ಥಹಳ್ಳಿಯಲ್ಲಿ ಬಸ್ಸು ನಿಂತಾಗ ವರದಮ್ಮ ತುಂಗೆಗೆ ಕೈ ಮುಗಿದು ಬರುತ್ತೇನೆಂದು ಇಳಿದುಹೋದರು. ಗಣೇಶಮೂರ್ತಿ ಕಿಟಕಿಯ ಹೊರಗೆ ಬಂದು ನಿಂತರು.

"ನಿಮ್ಮ ವರ್ಷ ಹಾಳು ಮಾಡಿದೆ. ಏನೇನೋ ತಿಳ್ಕೊಂಡುಬಿಟ್ಟಿದ್ದೆ..."

"ನೀವು ತಿಳ್ಕೊಂಡಿದ್ದು ಪೂರ್ತಿ ತಪ್ಪಲ್ಲ," ಎಂದಳು ವಾಗ್ದೇವಿ. ಕೆನ್ನೆ ಬಿಸಿಯಾಯಿತು. ಆದರೆ ಮಾತು ನಿಲ್ಲಿಸಲಿಲ್ಲ. "ನನಗೆ ನೀವು ಇಷ್ಟ. ಮೈಸೂರಿಗೂ ಹೋಗ್ತೀನಿ. ಮದುವೆಯಾದ ಮೇಲೂ ಪಾಠ ಹೇಳ್ತೀನಿ. ಮೂರೂ ಬೇಕು ನನಗೆ."

ಗಣೇಶಮೂರ್ತಿ ಕಿಟಕಿಯ ಸರಳು ಹಿಡಿದು ಅವಳನ್ನೇ ನೋಡಿದರು.

"ಕೇಳಿಸ್ತಾ?"

"ಕೇಳಿಸ್ತು. ಮೂರೂ ಆಗಲಿ. ಆದರೆ ನಮ್ಮಮ್ಮ ಸ್ವಲ್ಪ ಜೋರು. ಅವರ ಹತ್ತಿರ ಯಾರು ಮಾತಾಡೋದು?"

"ನಾನೇ ಮಾತಾಡ್ತೀನಿ. ನೀವೆಂತ ಮಾಡ್ತೀರಿ ಅಷ್ಟೊತ್ತು?"

"ನಿಮ್ಮ ಪಕ್ಕ ನಿಂತಿರ್ತೀನಿ," ಎಂದರು ಗಣೇಶಮೂರ್ತಿ.