ಮಂಜುಕೋಟೆಯ ಮೂರು ಊಟ

ಬೆಟ್ಟಗಳೂ ಮಾತಾಡುತ್ತಿದ್ದ ಕಾಲದಲ್ಲಿ ಸುರಗಿಪುರವೆಂಬ ರಾಜ್ಯವಿತ್ತು. ಅಲ್ಲಿಯ ಗಿರಿಮಲ್ಲ ಮೊದಲ ಸಲ ಮನೆ ಬಿಟ್ಟದ್ದು ಕಾರಹುಣ್ಣಿಮೆಯ ಮರುದಿನ, ಬುಧವಾರ. ಐಗಳು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಹೊರಗೆ ಉಪ್ಪಿನ ಬಂಡಿಗಳು ಸಾಲಾಗಿ ಹೊರಟಿದ್ದವು. ಅರ್ಧ ಬರೆದ ಅಕ್ಷರವನ್ನು ಅಲ್ಲೇ ಬಿಟ್ಟು ಬಂಡಿ ಹತ್ತಿದವನು ಇಪ್ಪತ್ತು ವರ್ಷ ತಿರುಗಿದ. ಓದು ಬರಲಿಲ್ಲ, ಏಳು ದೇಶದ ಮಾತು ಬಂತು. ಊರಿಗೆ ಮರಳುವ ಹೊತ್ತಿಗೆ ಅವ್ವ ತೀರಿಹೋಗಿದ್ದಳು.

ಅರಸ ಅವನನ್ನು ಕರೆಸಿದ.

"ನಮ್ಮ ರಾಯಭಾರಿ ದೇವರಸ ಮಂಜುಕೋಟೆಗೆ ಹೋಗಿ ಹನ್ನೆರಡು ವರ್ಷವಾಯಿತು. ಅವನ ಮಗಳು ದಿನಾ ಅರಮನೆ ಬಾಗಿಲಿಗೆ ಬಂದು, ಅಪ್ಪ ಬಂದನೇ ಅಂತ ಕೇಳುತ್ತಾಳೆ. ಹೋಗಿ ಕರೆದುಕೊಂಡು ಬಾ."

"ಮಹಾಸ್ವಾಮಿ, ನನಗೆ ರೀತಿ ರಿವಾಜು ತಿಳಿಯದು."

"ತಿಳಿದವರನ್ನೇ ಇಷ್ಟು ದಿನ ಕಳಿಸಿದೆ. ಒಬ್ಬನೂ ಮರಳಲಿಲ್ಲ."

ಮಂಜುಕೋಟೆಗೆ ಮೋಡವೇ ಗೋಡೆ. ತಟ್ಟಿದರೆ ತೆರೆಯುತ್ತಿತ್ತು. ಅದನ್ನು ಆಳುತ್ತಿದ್ದವನು ಬೂದಿಗಣ್ಣನೆಂಬ ಮಾಂತ್ರಿಕ. ಬಾಗಿಲಲ್ಲಿ ಎದುರುಗೊಂಡ ಮುದುಕನೇ ದೇವರಸ.

"ಸುರಗಿಪುರವೇ? ಎಲ್ಲೋ ಕೇಳಿದ ಹೆಸರು."

"ನಿಮ್ಮ ಮಗಳು ಕಾಯುತ್ತಿದ್ದಾಳೆ ರಾಯರೇ."

"ನನಗೆ ಮಗಳಿದ್ದಾಳೆಯೇ?" ಎಂದು ಮುದುಕ ನಕ್ಕ.

ಮೊದಲ ದಿನದ ಊಟಕ್ಕೆ ಕೆಂಡದಂಥ ಅನ್ನ. ಗಿರಿಮಲ್ಲ ಊದಿ ಊದಿ ಉಂಡು ಎಲೆ ಬಳಿದ. ದೇವರಸ ಮೊಣಕೈಯಿಂದ ತಿವಿದ.

"ಕೊನೆಯ ತುತ್ತು ಬಿಡಬೇಕು ತಮ್ಮಾ. ಉಣಬಡಿಸಿದ ಮನೆ ಬರಿದಾಗಬಾರದು. ಅದು ಮರ್ಯಾದೆ."

"ಯಾವ ಊರಿನ ಮರ್ಯಾದೆ?"

ಮುದುಕ ಯೋಚಿಸಿದ. "ಗೊತ್ತಿಲ್ಲ. ಕೈಗೆ ಗೊತ್ತು."

ಅದು ಸುರಗಿಪುರದ ದೊಡ್ಡಮನೆಗಳ ಪದ್ಧತಿ. ಸಿಕ್ಕಲ್ಲಿ ಉಂಡು ಬೆಳೆದ ಗಿರಿಮಲ್ಲನಿಗೆ ಅದು ಅಂಟಿರಲಿಲ್ಲ. ಕೈ ತೊಳೆಯುವಾಗ ಬಾಗಿಲು ಕಾಯುವ ಚಿರತೆ ಮೆಲ್ಲಗೆ ಹೇಳಿತು:

"ನಾನೂ ರಾಯಭಾರಿಯೇ, ಓಡಲು ಹೋಗಿ ಹೀಗಾದೆ. ಒಬ್ಬೊಬ್ಬರು ಬಿಟ್ಟ ತುತ್ತನ್ನು ಬೂದಿಗಣ್ಣ ಒಂದೊಂದು ತಾಮ್ರದ ಗಡಿಗೆಯಲ್ಲಿ ಇಡುತ್ತಾನೆ. ತುತ್ತು ಒಣಗಿದಂತೆ ಊರಿನ ನೆನಪೂ ಒಣಗುತ್ತದೆ. ಮೂರು ಊಟ ಪೂರಾ ಉಂಡವನು ಕೇಳಿದ್ದನ್ನು ಅವನು ಕೊಡಲೇಬೇಕು. ಇದುವರೆಗೆ ಯಾರೂ ಉಂಡಿಲ್ಲ. ನಾವೆಲ್ಲ ಮರ್ಯಾದಸ್ಥರು ನೋಡು."

ಎರಡನೆಯ ದಿನ ಉಂಡಷ್ಟೂ ಬೆಳೆಯುವ ಅನ್ನದ ಗುಡ್ಡ. ಗಿರಿಮಲ್ಲ ದಾರಿಯಲ್ಲಿ ಕಳೆದ ಉಪವಾಸಗಳನ್ನೆಲ್ಲ ಒಂದೊಂದಾಗಿ ನೆನೆದು ಉಂಡ. ಉಪವಾಸಗಳೇ ಹೆಚ್ಚಿದ್ದವು, ಗುಡ್ಡ ಸೋತಿತು.

ಸಂಜೆ ದೇವರಸ ಅವನಿಗೆ ಊರು ತೋರಿಸಿದ.

"ಇಲ್ಲಿ ಸಾವಾದ ಮನೆಯಲ್ಲಿ ಒಲೆ ಆರಬಾರದು. ನೆರೆಯವರು ಸರದಿಯಲ್ಲಿ ಬಂದು ಹನ್ನೊಂದು ದಿನ ಉರಿ ಕಾಯುತ್ತಾರೆ. ಮೊದಲು ನೋಡಿದಾಗ, ಇವರಿಗೆ ದುಃಖವೇ ಇಲ್ಲವೇನೋ ಅಂದುಕೊಂಡೆ. ಈಗ ಸಾವಿನ ಸುದ್ದಿ ಕೇಳಿದರೆ ನಾನೂ ಸೌದೆ ಹೊತ್ತು ಹೊರಡುತ್ತೇನೆ. ಒಳ್ಳೆಯ ಜನ ತಮ್ಮಾ. ಆದರೂ ದಿನಾ ಈ ಹೊತ್ತಿಗೆ ಎದೆಯಲ್ಲಿ ಏನೋ ಜಗ್ಗುತ್ತದೆ. ಏನೆಂದು ತಿಳಿಯದು."

ಮೂರನೆಯ ದಿನ ಎಲೆಯಲ್ಲಿ ಎರಡೇ ಜೋಳದ ರೊಟ್ಟಿ, ಒಂದಿಷ್ಟು ಪುಂಡಿಪಲ್ಯ. ಗಿರಿಮಲ್ಲ ಮುರಿದು ಬಾಯಿಗಿಟ್ಟ. ಅವ್ವನ ಕೈಯದೇ. ಒಂದು ಅಂಚು ಸೀದಿತ್ತು. ಹಾಡು ನೆನಪಾದರೆ ಅವ್ವ ಹಂಚು ಮರೆಯುತ್ತಿದ್ದಳು.

ಬೂದಿಗಣ್ಣ ಪಕ್ಕದಲ್ಲಿ ಬಂದು ಕುಳಿತ. "ಸಾವಕಾಶ ಉಣ್ಣಪ್ಪಾ. ಕೊನೆಯ ತುತ್ತು ಇಟ್ಟುಕೋ. ಅದು ಇರುವ ತನಕ ಅವಳ ಕೈರುಚಿ ಇರುತ್ತದೆ. ಉಂಡೆಯೋ, ಇನ್ನು ಲೋಕದಲ್ಲಿ ಎಲ್ಲಿಯೂ ಸಿಗದು."

ಮಾಂತ್ರಿಕ ಹೇಳಿದ್ದು ಸುಳ್ಳಲ್ಲ. ಗಿರಿಮಲ್ಲ ತುತ್ತು ಹಿಡಿದು ಕುಳಿತೇ ಇದ್ದ. ಅದು ಆರಿ ತಣ್ಣಗಾಯಿತು. ಎದುರಿನ ಎಲೆಯಲ್ಲಿ ದೇವರಸ ಉಂಡು ಮುಗಿಸಿ, ಎಂದಿನಂತೆ ಒಂದು ತುತ್ತನ್ನು ಅಂಚಿಗೆ ಸರಿಸಿದ. ಗಿರಿಮಲ್ಲನಿಗೆ ಅರಮನೆ ಬಾಗಿಲ ಹುಡುಗಿ ನೆನಪಾದಳು. ಕಣ್ಣು ಮುಚ್ಚಿ ಉಂಡುಬಿಟ್ಟ.

"ಏನು ಬೇಕು ಕೇಳು," ಎಂದ ಬೂದಿಗಣ್ಣ. ಅವನ ದನಿ ಕುಗ್ಗಿತ್ತು.

"ಗಡಿಗೆಗಳು."

ರಾಯಭಾರಿಗಳೆಲ್ಲ ತಮ್ಮ ತಮ್ಮ ತುತ್ತು ಉಂಡರು. ಚಿರತೆ ಮನುಷ್ಯನಾಯಿತು. ದೇವರಸನ ಮೊದಲ ದಿನದ ತುತ್ತು ಕಲ್ಲಾಗಿತ್ತು. ಬಹಳ ಹೊತ್ತು ಅಗಿದ.

"ಗುರವ್ವ," ಎಂದ ಕಡೆಗೆ. "ನನ್ನ ಮಗಳು ಗುರವ್ವ. ನಾ ಹೊರಟಾಗ ಮುಂದಿನ ಎರಡು ಹಲ್ಲು ಬಿದ್ದಿದ್ದವು."

ಕೊನೆಯ ಗಡಿಗೆ ಬರಿದಾದಾಗ ಬೂದಿಗಣ್ಣ ಕುಳಿತಲ್ಲೇ ಬೂದಿಯಾದ. ಮೋಡ ಸರಿದು ಮಂಜುಕೋಟೆಯ ಜನ ಬಿಸಿಲು ಕಂಡರು. ರಾಯಭಾರಿಗಳು ಊರು ಸೇರಿದರು. ಗುರವ್ವ ಬಾಗಿಲಲ್ಲೇ ಅಪ್ಪನನ್ನು ಗುರುತಿಸಿದಳು. ಅವಳ ಮದುವೆಯಾಯಿತು, ಸುರಗಿಪುರಕ್ಕೆ ಸುಖ ಬಂತು, ಬಂದ ಸುಖ ನಿಂತಿತು.

ಅರಸ ಗಿರಿಮಲ್ಲನಿಗೆ ಮನೆ ಕೊಟ್ಟ. ಮೂರು ತಿಂಗಳು ಅವನು ಅಲ್ಲಿದ್ದ. ದಿನಾ ಬೆಳಗ್ಗೆ ದೇವರಸ ಬಂದು ಕಟ್ಟೆಯ ಮೇಲೆ ಕೂರುತ್ತಿದ್ದ.

"ಮಂಜುಕೋಟೆಯಲ್ಲಿ ಈಗ ಮೊದಲ ಹಿಮ ಬಿದ್ದಿರುತ್ತದೆ," ಎಂದ ಒಂದು ದಿನ. "ಅಲ್ಲಿದ್ದಾಗ ಇಲ್ಲಿಗೆ ಜಗ್ಗಿತು. ಇಲ್ಲಿ ಬಂದರೆ ಅಲ್ಲಿಗೆ ಜಗ್ಗುತ್ತದೆ. ನನಗೆ ಇಲ್ಲಿ ಮಗಳಿದ್ದಾಳೆ, ತಡೆದುಕೊಳ್ಳುತ್ತೇನೆ. ನಿನಗೆ?"

ಗಿರಿಮಲ್ಲ ತನ್ನ ಹೊಸ ಒಲೆಯ ಕಡೆ ನೋಡಿದ. ಅದರ ಮೇಲೆ ಏನು ಬೇಯಿಸಿದರೂ ಅವನಿಗೆ ರುಚಿ ಹತ್ತುತ್ತಿರಲಿಲ್ಲ.

ಮರುದಿನ ಗುರವ್ವ ಮೊಸರು ತಂದಾಗ ಅವನು ಗಂಟು ಬಿಗಿಯುತ್ತಿದ್ದ.

"ಎತ್ತ ಹೊರಟೆ ಕಾಕಾ?"

"ಕಡಲಾಚೆ ಒಂದು ದೇಶವಿದೆಯಂತೆ. ಅಲ್ಲಿಯ ಒಂದು ಮಾತೂ ನನಗೆ ಬರೋದಿಲ್ಲ," ಎಂದು ಅವನು ಕಂಬಳಿ ಮಡಚತೊಡಗಿದ.