ಔಷಧಿ ಅಂಗಡಿಯ ನಗು

ಸುಹಾಸಿನಿ ಮೊದಲ ಸಲ ಆ ಔಷಧಿ ಅಂಗಡಿಗೆ ಹೋದಾಗ ಕೈಯಲ್ಲಿ ಡಾಕ್ಟರ ಚೀಟಿ ಇತ್ತು. ಮೂರು ತಿಂಗಳಿಗೆ ಚೀಟಿ ಮುಗಿಯಿತು. ಆಮೇಲೆ ಬರೀ ನಗು ಹೊತ್ತು ಹೋದಳು.

ಅದು ಎಂಬತ್ತೇಳನೆಯ ಇಸವಿ. ಪಣಜಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅವಳು ಪರವೂರಿನ ಕರೆ ಜೋಡಿಸುವ ಟ್ರಂಕ್ ಆಪರೇಟರ್. ಧಾರವಾಡದಿಂದ ನೌಕರಿಗೆಂದು ಬಂದವಳು, ಅವ್ವ ಕೃಷ್ಣಾಬಾಯಿಯ ಜೊತೆ ಪರ್ವರಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದಳು. ಮಳೆಗಾಲದ ಒಂದು ಬೆಳಿಗ್ಗೆ ಇಳಿಜಾರಿನಲ್ಲಿ ಮೊಪೆಡ್ ಜಾರಿ ಸೊಂಟದ ಮೂಳೆ ಬಿರುಕು ಬಿಟ್ಟಿತು. ಮೂಳೆ ಕೂಡಿತು, ನೋವಿನ ಗುಳಿಗೆ ಬಿಡಲಿಲ್ಲ. ನೋವಿಗೆಂದು ಶುರುವಾದದ್ದು ನಿದ್ದೆಗೆ ಬೇಕಾಯಿತು, ಆಮೇಲೆ ಎಚ್ಚರಕ್ಕೆ, ಕೊನೆಗೆ ಸುಮ್ಮನೆ ಕೂತಿರುವುದಕ್ಕೂ.

ಅಂಗಡಿಯ ಕೌಂಟರಿನಲ್ಲಿ ಬಿಂದುಮಾಧವನಿರುತ್ತಿದ್ದ. ಬೆಳಗಾವಿಯವನು, ಮೂವತ್ತರ ಹತ್ತಿರ, ಹೆಣ್ಣುಮಕ್ಕಳು ಎರಡು ಮಾತು ಹೆಚ್ಚು ಆಡಿದರೆ ಕಿವಿ ಕೆಂಪಾಗುವಷ್ಟು ನಾಚಿಕೆ.

"ಚೀಟಿ ತಂದೀರೇನ್ರಿ?"

"ಮನ್ಯಾಗ ಮರತು ಬಂದೇನಿ. ನಾಳೆ ತೋರಸ್ತೀನಿ."

"ನಿನ್ನೆನೂ ಹಿಂಗ ಅಂದಿದ್ರಿ."

ಅವಳು ಕೆನ್ನೆಗೆ ಬಿದ್ದ ಕೂದಲನ್ನು ನಿಧಾನವಾಗಿ ಕಿವಿಯ ಹಿಂದೆ ಸರಿಸಿ, ಕಣ್ಣೆತ್ತಿ ಅವನನ್ನೇ ನೋಡಿದಳು. "ನಿನ್ನಿನ ಮಾತು ನೆನಪಿಟ್ಟೀರಿ. ನನ್ನ ದಾರಿ ಕಾಯ್ತಿದ್ರೇನು?"

ಬಿಂದುಮಾಧವ ತಲೆ ತಗ್ಗಿಸಿ ಡ್ರಾಯರ್ ಎಳೆದ. ಗುಳಿಗೆಯ ಪಟ್ಟಿಯನ್ನು ಕಾಗದದಲ್ಲಿ ಸುತ್ತಿ ಕೊಡುವಾಗ ಅವನ ಬೆರಳು ನಡುಗುತ್ತಿದ್ದವು. ಅವಳವೂ ನಡುಗುತ್ತಿದ್ದವು. ಎರಡಕ್ಕೂ ಒಂದೇ ಕಾರಣವೆಂದು ಅವನು ತಿಳಿದ.

ಎಂಟು ತಿಂಗಳು ಹೀಗೇ ನಡೆಯಿತು. ಪ್ರತಿ ಸಂಜೆ ಅವಳು ಬರುವ ಹೊತ್ತಿಗೆ ಅವನು ತಲೆ ಬಾಚಿಕೊಂಡು ನಿಂತಿರುತ್ತಿದ್ದ. ಅದನ್ನು ಅವಳು ಗಮನಿಸಿದ್ದಳು, ಬಳಸಿಕೊಂಡಿದ್ದಳು ಕೂಡ.

ಮೇ ತಿಂಗಳ ಒಂದು ಭಾನುವಾರ ಅಂಗಡಿಗೆ ರಜೆ. ಎರಡು ವರ್ಷದ ಹಿಂದೆ ನದಿಯ ಸೇತುವೆ ಕುಸಿದ ಮೇಲೆ ಪಣಜಿ ಮತ್ತು ಪರ್ವರಿಯ ಜನರಿಗೆಲ್ಲ ಫೆರಿ ಬೋಟೇ ಗತಿ. ಅದರಲ್ಲಿ ಬಿಂದುಮಾಧವ ಅವಳನ್ನು ಕಂಡ. ಉರಿಬಿಸಿಲಿನಲ್ಲಿ ಶಾಲು ಹೊದ್ದು, ಮೂಗು ಸೋರುತ್ತ, ಹಲ್ಲು ಕಟಕಟಿಸುತ್ತ ಮೂಲೆಯಲ್ಲಿ ಮುದುಡಿ ಕೂತಿದ್ದಳು. ಶನಿವಾರದ ಪಟ್ಟಿ ಆಗಲೇ ಮುಗಿದಿತ್ತು. ಔಷಧಿಯ ನಡುವೆಯೇ ಬದುಕುವವನಿಗೆ ಹೆಚ್ಚು ವಿವರಣೆ ಬೇಕಾಗಲಿಲ್ಲ.

ಮರುದಿನ ಅವನು ಡ್ರಾಯರ್ ಎಳೆಯಲಿಲ್ಲ. "ಇನ್ನ ಕೊಡೂದಿಲ್ರಿ."

ಅವಳು ನಕ್ಕಳು, ಬೇಡಿದಳು. ಕೊನೆಗೆ ಅಂಗಡಿಯಲ್ಲಿದ್ದ ನಾಲ್ಕು ಗಿರಾಕಿಗಳ ಎದುರಿಗೇ ಅಂದಳು, "ನಿಮ್ಮ ಮಾರಿ ನೋಡಿ ನಗಲಿಕ್ಕೆ ನನಗ ಬ್ಯಾರೆ ಏನು ಕಾರಣ ಇತ್ತು ಅಂತ ತಿಳದೀರಿ?"

ಅವನು ಡ್ರಾಯರಿಗೆ ಬೀಗ ಹಾಕಿದ. ಅದೇ ಸಂಜೆ ಪರ್ವರಿಗೆ ಹೋಗಿ ಕೃಷ್ಣಾಬಾಯಿಯ ಮುಂದೆ ಎಲ್ಲವನ್ನೂ ಹೇಳಿದ. ತನ್ನ ತಪ್ಪನ್ನೇ ಮೊದಲು ಹೇಳಿದ. ಮಾಲೀಕನಿಗೂ ಹೇಳಿ ಕೆಲಸ ಕಳೆದುಕೊಂಡ.

ಚಟ ಬಿಡಿಸಲು ಅವ್ವ ಸೇರಿಸಿದ ಆಸ್ಪತ್ರೆಯಲ್ಲಿ ಮೂರು ವಾರ ಇದ್ದು ಬಂದ ಸುಹಾಸಿನಿಯ ಮೈಯಲ್ಲಿ ನಡುಕವಿರಲಿಲ್ಲ, ಶಕ್ತಿಯೂ ಇರಲಿಲ್ಲ. ತಲೆ ಬಾಚಿಕೊಳ್ಳಲು ಕೈ ಎತ್ತಿದರೆ ಭುಜ ಸೋಲುತ್ತಿತ್ತು. ಸ್ನಾನ ಮಾಡಿದರೆ ಮಧ್ಯಾಹ್ನದವರೆಗೆ ಮಲಗಬೇಕು, ಮಲಗಿದರೆ ನಿದ್ದೆಯಿಲ್ಲ. ಶಕ್ತಿ ಒಮ್ಮೆಲೇ ಬರುವುದಿಲ್ಲ, ಚೆನ್ನಾಗಿದೆ ಅನಿಸಿದ ದಿನ ಅತಿ ಮಾಡಬೇಡ, ಬೇಡ ಅನಿಸಿದ ದಿನವೂ ನಾಲ್ಕು ಹೆಜ್ಜೆ ನಡೆ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಬಿಂದುಮಾಧವ ನೋಡಲು ಬಂದಾಗ ಕೃಷ್ಣಾಬಾಯಿ ಅವನನ್ನು ಹೊಸ್ತಿಲಲ್ಲೇ ನಿಲ್ಲಿಸಿದಳು. "ಕೆಡವಿದಾಂವ ನೀನ. ಈಗ ನೀನ ನಡಸು," ಅಂದಳು.

ಹಾಗೆ ದಿನಾ ಸಂಜೆ ಬಂದ. ಮೊದಲ ವಾರ ಅವಳನ್ನು ಗೇಟಿನವರೆಗೆ ನಡೆಸಿದ. ಆಮೇಲೆ ರಸ್ತೆಯ ತಿರುವಿನವರೆಗೆ. ಅವಳು ಕೂತರೆ ಅವನೂ ಕೂರುತ್ತಿದ್ದ. ಬೈದರೆ ಬೈಸಿಕೊಳ್ಳುತ್ತಿದ್ದ. ಅವಳಿಗೆ ಗಂಜಿಯ ಬದಲು ಜೋಳದ ಭಕ್ಕರಿ ತಿನ್ನುವಷ್ಟು ಹಸಿವಾಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಗುಡ್ಡದ ಮೇಲಿನ ಗೋಡಂಬಿ ಮರಗಳ ತನಕ ಬಂದರು.

"ನಿನ್ನೆ ಈ ಗಿಡ ಇನ್ನೂ ಹತ್ರ ಇತ್ತು," ಅಂದಳು ಏದುಸಿರು ಬಿಡುತ್ತ.

"ಹೌದ್ರಿ. ನೀವು ಬರೋದು ನೋಡಿ ಹಿಂದ ಸರದದ."

ಅವಳಿಗೆ ನಗು ಬಂತು. ನಗುತ್ತಲೇ ಗಾಬರಿಯಾಗಿ ನಿಲ್ಲಿಸಿದಳು. ಈ ನಗು ಇವನಿಂದ ಏನು ಬೇಡುತ್ತಿದೆ ಎಂದು ತನ್ನೊಳಗೇ ತಡಕಿದಳು. ಆ ರಾತ್ರಿ ಮಾತ್ರ ಅವಳಿಗೆ ಬೆಳಗಿನವರೆಗೂ ನಿದ್ದೆ ಬಂತು.

ಜನವರಿಯಲ್ಲಿ ಕೆಲಸಕ್ಕೆ ಮರಳಿದಳು. ಎಕ್ಸ್‌ಚೇಂಜಿನ ಮೆಟ್ಟಿಲನ್ನು ನಡುವೆ ನಿಲ್ಲದೆ ಹತ್ತಿದ ವಾರವೇ ಬಿಂದುಮಾಧವನಿಗೆ ಕಾರವಾರದ ಔಷಧಿ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತು. ಬೆಳಗಿನ ಫೆರಿಯಲ್ಲಿ ಅವಳ ಪಕ್ಕ ನಿಂತು, ನೀರನ್ನು ನೋಡುತ್ತ ಕೇಳಿದ, "ನನ್ನ ಜೋಡಿ ಬರ್ತೀರೇನು? ಲಗ್ನ ಮಾಡಿಕೊಂಡು."

ಸುಹಾಸಿನಿ ಅವನ ಕಡೆ ತಿರುಗಿದಳು.

"ಸಂಜಿಗೆ ಬಾಗಲದಾಗ ನಿಮ್ಮ ಸಪ್ಪಳ ಕೇಳಿದ್ರ ಭಾಳ ಖುಷಿ ಆಗ್ತದ. ಹಿಂದಿಂದನ ಬಾಯಿ ಒಣಗತದ. ನಿಮ್ಮನ್ನ ನೋಡಿದ್ರ ನನ್ನ ಮೈ ಇನ್ನೂ ಗುಳಿಗಿ ಕೇಳ್ತದ. ಒಂದು ದಿನ ತಪ್ಪಿಲ್ಲ. ನಿಮಗ ಹೇಳಿರಲಿಲ್ಲ."

"ಹೋಗ್ತದರಿ ಅದು. ನಾ ಕಾಯ್ತೀನಿ."

"ಹೋಗದಿದ್ರ? ಒಂದಿನ ನಿಮ್ಮ ಕಾಲ ಹಿಡದು ಅತ್ತು ಬೇಡಿದ್ರ, ಕೊಡೂದಿಲ್ಲ ಅಂತೀರೇನು? ಖರೇ ಹೇಳ್ರಿ."

ಅವನು ಬಾಯಿ ತೆರೆದ. ಕೊಡುವುದಿಲ್ಲವೆನ್ನಲು ಆಗಲಿಲ್ಲ. ಅವಳ ಅಳು ತನಗೆ ತಡೆಯದೆಂದು ಅವನಿಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು.

ಪಣಜಿಯ ದಂಡೆ ಹತ್ತಿರವಾಯಿತು. ಜನ ಸೈಕಲ್ಲು, ಮೀನಿನ ಬುಟ್ಟಿ ಎತ್ತಿಕೊಂಡು ಮುಂದೆ ಸರಿದರು.

"ಒಂದು ಮಾತು ಕೇಳ್ತೀನಿ," ಅಂದ ಅವನು. "ಅಂಗಡಿಯೊಳಗ ನಗತಿದ್ರಲ್ಲ. ಒಂದರೇ ನಗಿ ನನ್ನ ಸಲುವಾಗಿ ಇತ್ತೇನು?"

ಇತ್ತು ಅಂದುಬಿಟ್ಟರೆ ಅವನು ಅದನ್ನೇ ಹಿಡಿದುಕೊಂಡು ಬದುಕಿಯಾನು. ಆದರೆ ತಿಂಗಳುಗಟ್ಟಲೆ ಎಲ್ಲರಿಗೂ ಸುಳ್ಳು ಹೇಳಿದ ಬಾಯಿ ಅದು. ಇವನೊಬ್ಬನಿಗಾದರೂ ಇನ್ನು ಹೇಳಬಾರದೆನಿಸಿತು.

"ಗೊತ್ತಿಲ್ರಿ," ಅಂದಳು. "ಖರೇನ ಗೊತ್ತಿಲ್ಲ."

ಅವನು ತಲೆಯಾಡಿಸಿದ. ಬೋಟಿನಿಂದ ಇಳಿಯಲಿಲ್ಲ. ಅದರಲ್ಲೇ ಆಚೆ ದಂಡೆಗೆ ಮರಳಿದ. ಮರುದಿನ ಕಾರವಾರದ ಬಸ್ಸು ಹತ್ತಿದನೆಂದು ಅವ್ವ ಹೇಳಿದಳು.

ಫೆರಿ ಇಳಿದ ಆ ಬೆಳಿಗ್ಗೆಯೇ ಸುಹಾಸಿನಿ ಎಕ್ಸ್‌ಚೇಂಜಿನ ಬಾತ್‌ರೂಮಿನಲ್ಲಿ ನಿಂತು ಬಿಕ್ಕಿಬಿಕ್ಕಿ ಅತ್ತಳು. ಹಿಂದಿನ ಒಂದೂವರೆ ವರ್ಷದಲ್ಲಿ ಹಾಗೆ ಅಳಲು ಅವಳಲ್ಲಿ ತ್ರಾಣವೇ ಇರಲಿಲ್ಲ, ಈಗಿತ್ತು. ಆಮೇಲೆ ಮುಖ ತೊಳೆದು, ಕಿವಿಗೆ ಹೆಡ್‌ಫೋನ್ ಏರಿಸಿ, ಎಂಟು ತಾಸಿನ ಡ್ಯೂಟಿಗೆ ಕೂತಳು.