ಒಂದು ಹಾಡಿನಷ್ಟು ಹೊತ್ತು

ಇದನ್ನು ನನ್ನ ಹೆಂಡತಿ ನೇಡೀನಳಿಗೂ ಹೇಳಿಲ್ಲ. ಹೇಳಲು ಮುಖವಿಲ್ಲ.

ಟೆಕ್ಸಸ್ಸಿನ ನಮ್ಮೂರಲ್ಲಿ ಕುದುರೆ ಜೀನು ಹೊಲಿಯುವ ಆರ್ವಿಲ್ ಮಾಡಿಕೊಟ್ಟ ಪಿಸ್ತೂಲಿನ ಒರೆ ಅದು. ಒಳ್ಳೆಯ ಚರ್ಮ; ಅಂಗಿಯ ಕೆಳಗೆ ಕಟ್ಟಿಕೊಂಡರೆ ಯಾರಿಗೂ ಗೊತ್ತಾಗದು. "ಎರಡು ವಾರ ದಿನಾ ಕಟ್ಟಿಕೋ ಮಾರಾಯ, ಆಮೇಲೆ ಚರ್ಮ ನಿನ್ನ ಸೊಂಟಕ್ಕೇ ಬಾಗುತ್ತೆ" ಎಂದಿದ್ದ. ಹಾಗೆಯೇ ಬಾಗಿತು.

ಒಂದು ಭಾನುವಾರ ಚರ್ಚಿನ ಶೌಚಾಲಯದಲ್ಲಿ ಅದನ್ನು ಬಿಚ್ಚಿ ಕಿಟಕಿಯ ಕಟ್ಟೆಯ ಮೇಲಿಟ್ಟವನು, ಪಿಸ್ತೂಲಿನ ಸಮೇತ ಮರೆತು ಬಂದೆ. ಪಕ್ಕದಲ್ಲೇ ಮಕ್ಕಳ ಪಾಠದ ಕೋಣೆ. ಮೊದಲ ಹಾಡು ಮುಗಿಯುವಾಗ ನೆನಪಾಗಿ ಓಡಿದೆ. ಇಟ್ಟಲ್ಲೇ ಇತ್ತು. ಆದರೆ ಆಗಷ್ಟೇ ಯಾರೋ ಮೈಯಿಂದ ಬಿಚ್ಚಿಟ್ಟಂತೆ ಬೆಚ್ಚಗಿತ್ತು. ಕಟ್ಟಿಕೊಂಡು ಬಂದು ಕೂತೆ.

ಅಂದಿನಿಂದ ಅದು ನನ್ನ ಸೊಂಟಕ್ಕೆ ಕೂರುತ್ತಿಲ್ಲ. ಬೆಳಿಗ್ಗೆ ಬೀರುವಿನಿಂದ ತೆಗೆದರೆ ಬೆಚ್ಚಗಿರುತ್ತದೆ. ಬೀಗ ಹಾಕಿದ ಬೀರುವಿನೊಳಗೆ ಅದರ ಪಟ್ಟಿಯ ಗುಂಡಿ ಟಕ್ಕೆಂದು ಬಿಚ್ಚಿ, ಟಕ್ಕೆಂದು ಹಾಕಿಕೊಳ್ಳುವ ಸದ್ದು ಕೇಳಿಸುತ್ತದೆ.

ಕೊನೆಗೆ ಆರ್ವಿಲ್‌ಗೆ ತೋರಿಸಿದೆ. ಅವನು ಚರ್ಮ ಬಾಗಿದ ಕಡೆ ಬೆರಳಾಡಿಸಿ, ಸೊಂಟದ ಅಳತೆ ಅಂದಾಜಿಸಿ ಹುಬ್ಬು ಗಂಟಿಕ್ಕಿದ.

"ಆರು ವರ್ಷದ ಮಗು ಇದನ್ನ ಕಟ್ಟಿಕೊಂಡು ಓಡಾಡಿದೆ. ನಾಚಿಕೆ ಆಗಲ್ವೇನಯ್ಯಾ ನಿನಗೆ?"

ನಮ್ಮ ಮನೆಯಲ್ಲಿ ಮಕ್ಕಳಿಲ್ಲ. ಆದರೂ ಶೌಚಾಲಯದ ವಿಷಯ ಬಾಯಿಗೆ ಬರಲಿಲ್ಲ.

"ತಂಗಿ ಮಗಳು... ಒಂದೇ ಒಂದು ಸಲ" ಎಂದು ಸುಳ್ಳು ಹೇಳಿದೆ.

"ಒಂದು ಸಲಕ್ಕೆಲ್ಲ ಚರ್ಮ ಹೀಗೆ ಬಾಗಲ್ಲ. ಎರಡು ವಾರ ಬೇಕು."

ಅದು ಬೇರೆಯವರ ಕೈಗೆ ಸಿಕ್ಕಿದ್ದರೆ, ಸಿಕ್ಕಿದ್ದು ಆ ಭಾನುವಾರ, ಒಂದು ಹಾಡಿನಷ್ಟು ಹೊತ್ತು ಮಾತ್ರ.